ಇಲ್ಲಿ ಏನೂ ಇಲ್ಲ, ಮುಂದೆ ಹೋಗಿರಿ

ಭೂಕಂಪವಾಗಬಹುದಿತ್ತು. ಕೃಷ್ಣೆ, ದೂಧಗಂಗೆ ಎರಡೂ ಒಟ್ಟಿಗೆ ಉಕ್ಕಬಹುದಿತ್ತು. ಬಾವಿ ಬತ್ತಬಹುದಿತ್ತು, ಬತ್ತದಿದ್ದರೆ ಅದರೊಳಗೆ ನಾನೇ ಬೀಳಬಹುದಿತ್ತು. ಜೋಳಕ್ಕೆ ನುಸಿ, ಬೇಳೆಗೆ ಹುಳ, ಬೆಲ್ಲಕ್ಕೆ ಇರುವೆ ಹತ್ತಬಹುದಿತ್ತು. ಕಬ್ಬಿನೊಳಗಿಂದ ಹಂದಿ ನುಗ್ಗಬಹುದಿತ್ತು. ಹಾವು ಕಚ್ಚಬಹುದಿತ್ತು. ಹಾವು ಕಚ್ಚಿದವನನ್ನು ಚಿಕ್ಕೋಡಿಗೆ ಒಯ್ಯಲು ಹೊರಟ ಮೋಟರ್‌ ಸೈಕಲ್ ಪಂಕ್ಚರ್ ಆಗಬಹುದಿತ್ತು. ದರೋಡೆಕೋರರು ಬರಬಹುದಿತ್ತು. ಆ ದರೋಡೆಕೋರರು ನನ್ನ ಹಳೆಯ ವಿದ್ಯಾರ್ಥಿಗಳೇ ಆಗಿದ್ದು, 'ನಮಸ್ಕಾರ ಸರ್' ಎಂದು ಮೊದಲು ಕಾಲು ಮುಟ್ಟಿ ಆಮೇಲೆ ದೋಚಬಹುದಿತ್ತು.

ಇಂಥ ನಲವತ್ತಮೂರು ಅಪಾಯಗಳನ್ನು ನಾನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಕ್ರಮಸಂಖ್ಯೆ ಹಾಕಿ ಬರೆದಿದ್ದೆ. ಪ್ರತಿಯೊಂದರ ಎದುರಿಗೆ ಪರಿಹಾರವನ್ನೂ ಬರೆದಿದ್ದೆ. ಇವುಗಳಲ್ಲಿ ಒಂದೂ ನಡೆಯಲಿಲ್ಲ.

ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಅದು ಸಂಬಳದ ಕೆಲಸ. ಚಿಂತೆ ಮಾಡುವುದು ನನ್ನ ನಿಜವಾದ ಕಸುಬು. ಕೃಷ್ಣೆಗೆ ನೆರೆ ಬಂದ ವರ್ಷ ನಾನು ಹೊಳೆದಂಡೆಯ ಊರಿನಲ್ಲಿದ್ದೆ. ಹೆಂಡತಿ, ಮಗಳೊಂದಿಗೆ ಒಂದು ಶಾಲೆಯ ಕೋಣೆಯಲ್ಲಿ ಹನ್ನೊಂದು ದಿನ ಕಳೆದೆ. ಯಾವುದೋ ಊರಿನ ಒಬ್ಬ ಹೆಂಗಸು ದಿನಾ ಮಧ್ಯಾಹ್ನ ಬುಟ್ಟಿ ಹೊತ್ತು ಬಂದು ನಮಗೆ ರೊಟ್ಟಿ, ಕಡಲೆಹಿಟ್ಟಿನ ಝುಣಕ ಹಾಕಿ ಹೋಗುತ್ತಿದ್ದಳು. ನಮ್ಮ ಹೆಸರನ್ನೂ ಕೇಳಲಿಲ್ಲ. ನಾನು ರೊಟ್ಟಿ ಮುರಿಯುತ್ತಲೇ, ಈಕೆ ನಾಳೆ ಬರದಿದ್ದರೆ ಏನು ಗತಿ ಎಂದು ಲೆಕ್ಕ ಹಾಕುತ್ತಿದ್ದೆ. ಅಂದಿನಿಂದ ನನಗೆ ಒಂದೇ ಆಸೆ. ಯಾರ ಹಂಗೂ ಇಲ್ಲದ, ಏನಾದರೂ ಉಳಿಯುವ ಒಂದು ನೆಲೆ ನಮಗೆ ಬೇಕು.

ಡಿಸೆಂಬರಿಗೆ ಜಗತ್ತು ಮುಗಿಯುತ್ತದೆ ಎಂದು ಟಿವಿಯವರು ಬಾಯಿ ಬಡಿದುಕೊಳ್ಳತೊಡಗಿದ ವರ್ಷ ನನ್ನ ಆಸೆಗೆ ರೆಕ್ಕೆ ಬಂತು. ಜಗತ್ತು ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಕುತೂಹಲ ಕೆರಳಿತು. ಕರೆಂಟು, ಕಿರಾಣಿ ಅಂಗಡಿ, ಬಸ್ಸು, ಪೊಲೀಸ್ ಸ್ಟೇಶನ್ ಎಲ್ಲ ಒಂದೇ ದಿನ ನಿಂತರೆ ಮನುಷ್ಯ ಏನು ಮಾಡುತ್ತಾನೆ? ಮೊದಲು ಯಾವ ನಿಯಮ ಮುರಿಯುತ್ತಾನೆ? ಯಾರು ಮುರಿಯುತ್ತಾರೆ? ನನಗೆ ಲಕ್ಷ್ಮಣನ ಮೇಲೆ ಸಂಶಯವಿತ್ತು.

ಲಕ್ಷ್ಮಣ ನನ್ನ ಓಣಿಯವನು, ಲೈನ್‌ಮನ್. ಇನ್ನೊಬ್ಬ ಗೆಳೆಯ ಭೂಪಾಲ, ಏಕಸಂಬಿಯ ಹತ್ತಿರದ ಜೈನ ರೈತ. ಅವರ ಹೊಲದ ಮೂಲೆಯಲ್ಲಿ ಒಂದು ಹಳೆಯ ಬಾವಿ, ತಗಡಿನ ಶೆಡ್ಡು, ಎರಡು ಬೇವಿನ ಮರ ಇದ್ದವು. ಮೂರು ಸಂಸಾರ ಕೂಡಿ ಅಲ್ಲಿ ನೆಲೆ ಮಾಡುವುದೆಂದು ನಿರ್ಧಾರವಾಯಿತು. ಸಾರ್ವಜನಿಕ ಹಿತದೃಷ್ಟಿಯಿಂದ ಅಧ್ಯಕ್ಷಸ್ಥಾನವನ್ನು ನಾನೇ ವಹಿಸಿಕೊಂಡೆ.

ನಕಾಶೆ ಬರೆದೆ. ಮೂರು ಬಣ್ಣದ ಶಾಯಿ, ಉತ್ತರ ದಿಕ್ಕಿನ ಬಾಣ, ಧಾನ್ಯದ ಕೋಣೆ, ಕಾವಲು ಗೋಪುರ ಎರಡು. ಇಂಥ ನಕಾಶೆ ಬೆಳಗಾವಿ ಜಿಲ್ಲೆಯಲ್ಲೇ ಇರಲಿಕ್ಕಿಲ್ಲ ಎಂದುಕೊಂಡು ಹೆಂಡತಿ ಶೈಲಾಳ ಮುಂದೆ ಹಾಸಿದೆ. ಅವಳು ಚಷ್ಮಾ ಹಾಕಿಕೊಂಡು ಎರಡು ನಿಮಿಷ ನೋಡಿದಳು.

"ಏನ್ರಿ, ಇದರಾಗ ಸಂಡಾಸ ಎಲ್ಲೈತಿ?"

ಇರಲಿಲ್ಲ. ಒಂದು ಕಾವಲು ಗೋಪುರವನ್ನು ಶೌಚಾಲಯಕ್ಕೆ ಬಿಟ್ಟುಕೊಡಬೇಕಾಯಿತು.

ಜಮೀನು ಭೂಪಾಲನ ತಾಯಿಯ ಹೆಸರಿನಲ್ಲಿತ್ತು. ಅವರನ್ನು ಎಲ್ಲರೂ ಆಯಿ ಎನ್ನುತ್ತಾರೆ. ಎಂಬತ್ತರ ಹತ್ತಿರ ವಯಸ್ಸು, ಹತ್ತಿಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ, ಆದರೆ ಮಾತು ಎಲ್ಲೂ ನಿಲ್ಲುವುದಿಲ್ಲ. ನಾನು ಆಹಾರದ ಪಟ್ಟಿ ಓದಿದೆ. ಬಹಳ ದಿನ ಬಾಳುವುದೆಂದು ಬಟಾಟಿ, ಉಳ್ಳಾಗಡ್ಡಿ, ಗೆಣಸು, ಬಳ್ಳೊಳ್ಳಿ ಎಂದು ಬರೆದುಕೊಂಡಿದ್ದೆ. ಜೈನರ ಮನೆಯ ಪಡಸಾಲೆಯಲ್ಲಿ ಕುಳಿತು ಇದನ್ನೆಲ್ಲ ಗಟ್ಟಿಯಾಗಿ ಓದಿದ ಮೊದಲ ಮನುಷ್ಯ ನಾನೇ ಇರಬೇಕು. ಭೂಪಾಲ ಕೆಮ್ಮಿದ. ಮಣ್ಣಿನೊಳಗೆ ಬೆಳೆಯುವುದೇನೂ ನಮ್ಮ ಒಲೆಗೆ ಏರುವುದಿಲ್ಲ, ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಊಟವೂ ಇಲ್ಲ ಎಂದು ಆಯಿ ತಣ್ಣಗೆ ತಿಳಿಸಿದರು. ಅರ್ಧ ಪಟ್ಟಿ ಅಲ್ಲೇ ಸತ್ತಿತು. ಊಟವೆಲ್ಲ ಹಗಲಲ್ಲೇ ಮುಗಿಯುವುದರಿಂದ ದೀಪದ ವ್ಯವಸ್ಥೆಯೂ ಬೇಡವಾಗಿ ಲಕ್ಷ್ಮಣನ ವಿದ್ಯುತ್ ಖಾತೆ ರದ್ದಾಯಿತು.

ಕೊನೆಗೆ ಆಯಿ ತಮ್ಮ ಷರತ್ತು ಹೇಳಿದರು.

"ದೀಪಾವಳಿ ಸೂಟಿಯಾಗ ಎಂಟ ದಿವಸ ಇದ್ದ ತೋರಸ್ರಿ, ಮಾಸ್ತರ. ಮೊದಲ ದಿವಸ ಒಯ್ದದ್ದ ಬಿಟ್ರ ಊರಿಂದ ಮತ್ತ ಒಂದ ಕಾಳೂ ತರಬಾರ್ದು. ಎಂಟನೇ ದಿವಸ ಹೊತ್ತ ಮುಳಗೂದ್ರಾಗ ನಾ ಬರ್ತೀನಿ. ನನ್ನ ಪಾಲಿಂದ ಒಂದ ರೊಟ್ಟಿ ಉಳದಿರಬೇಕ. ಉಳದಿದ್ರ ಆ ಬಾವಿ ಮೂಲಿ ನಿಮ್ಮ ಮೂರೂ ಮಂದಿ ಹೆಸರಿಗೆ ಮಾಡಿ ಕೊಡ್ತೀನಿ."

ಒಂದು ರೊಟ್ಟಿ! ನಾನು ಮನಸ್ಸಿನಲ್ಲೇ ನಕ್ಕೆ. ಆರು ಬಾಯಿಗೆ ಎಂಟು ದಿನಕ್ಕೆ ಬೇಕಾದ ಜೋಳ ಲೆಕ್ಕ ಹಾಕಿ, ಅದರ ಮೇಲೆ ಅರ್ಧ ಸೇರಿಸಿ, ಅದರ ಮೇಲೆ ನನ್ನ ಚಿಂತೆಗೆಂದು ಮತ್ತಷ್ಟು ಸೇರಿಸಿ ಚೀಲ ಕಟ್ಟಿಸಿದೆ. ಮಕ್ಕಳನ್ನು ಅವರವರ ಅಜ್ಜಿಯರ ಮನೆಗೆ ಕಳಿಸಿದೆವು. ಡ್ರಾಯಿಂಗ್ ಹಾಳೆಯ ಮೇಲೆ ನಿಯಮಾವಳಿ ಬರೆದು ಶೆಡ್ಡಿಗೆ ಅಂಟಿಸಿದೆ. ಕಲಂ ಒಂದು: ನೆಲೆಯ ಗುಟ್ಟನ್ನು ಯಾರೂ ಬಿಟ್ಟುಕೊಡತಕ್ಕದ್ದಲ್ಲ. ಕಲಂ ಎರಡು: ಹೊರಗಿನವರಿಗೆ ಯಾವುದೇ ಕಾರಣಕ್ಕೂ ಅನ್ನ ನೀಡತಕ್ಕದ್ದಲ್ಲ. ಕಲಂ ಮೂರು: ಮೇಲಿನ ಎರಡರ ಬಗ್ಗೆ ಅಧ್ಯಕ್ಷರ ತೀರ್ಮಾನವೇ ಅಂತಿಮ.

ಗುಟ್ಟು ಕಾಯಲು ಒಂದು ಬೋರ್ಡು ಬೇಕೆನಿಸಿತು. ಕೆಂಪು ಅಕ್ಷರ, ಅದಕ್ಕೆ ಕಪ್ಪು ನೆರಳು, ಸುತ್ತ ಬಳ್ಳಿಯ ಅಂಚು: 'ಇಲ್ಲಿ ಏನೂ ಇಲ್ಲ. ಮುಂದೆ ಹೋಗಿರಿ.' ನಮ್ಮ ಕಡೆಯ ರೂಢಿಯಂತೆ ಕೆಳಗೆ ಮರಾಠಿಯಲ್ಲೂ ಅದನ್ನೇ ಬರೆದೆ. ಎರಡು ದಿನದ ಕೆಲಸ. ಅದನ್ನು ಬಂಡಿದಾರಿಯ ಪಕ್ಕದ ಮುಳ್ಳುಬೇಲಿಗೆ ಕಟ್ಟಿ ದೂರ ನಿಂತು ನೋಡಿದೆ. ನನ್ನ ಕಣ್ಣೇ ತುಂಬಿ ಬಂತು.

ಆ ದಾರಿಯಲ್ಲಿ ಅಲ್ಲಿಯವರೆಗೆ ಯಾವ ಬೋರ್ಡೂ ಇರಲಿಲ್ಲ. ಆದ್ದರಿಂದ ಹೋಗುವವರೆಲ್ಲ ನಿಂತು ಓದತೊಡಗಿದರು. ಓದಿದವರು ಬೇಲಿಯ ಮೇಲಿಂದ ಇಣುಕತೊಡಗಿದರು. ಮೊದಲ ದಿನವೇ ಒಬ್ಬ ಮುದುಕ ಸೈಕಲ್ ಇಳಿದು, ಬೋರ್ಡನ್ನು ಎರಡೂ ಭಾಷೆಯಲ್ಲಿ ಓದಿ, ನನ್ನನ್ನು ನೋಡಿದ.

"ಏನೂ ಇಲ್ಲಂತ ಬರದೀರಿ. ಮತ್ತ ನೀವ್ಯಾಕ ಕುಂತೀರಿ?"

ನಾನು ಎದ್ದು ನಿಂತೆ.

ಎರಡನೇ ದಿನ ಬೀಸುಕಲ್ಲಿನದು. ಕರೆಂಟಿಲ್ಲ ಎಂದ ಮೇಲೆ ಗಿರಣಿಯೂ ಇಲ್ಲವಲ್ಲ! ಆಯಿಯ ಮನೆಯಲ್ಲಿ ವರ್ಷಗಟ್ಟಲೆ ನೀರಿನ ಹಂಡೆಯ ಅಡಿಯಲ್ಲಿ ಇದ್ದ ಕಲ್ಲನ್ನು ತಂದಿದ್ದೆವು. ಖಾತೆ ಕಳೆದುಕೊಂಡಿದ್ದ ಲಕ್ಷ್ಮಣ ಒಂದು ಕಡೆ, ನಾನೊಂದು ಕಡೆ ಕೂತು ಬೀಸಿದೆವು. ಮೇಲಿಂದ ಜೋಳ ಹಾಕಿದರೆ ಕೆಳಗಿಂದ ಜೋಳವೇ ಬಂತು, ಸ್ವಲ್ಪ ಬೆಚ್ಚಗಾಗಿ. ಸದ್ದು ಮಾತ್ರ ಲೋಡು ತುಂಬಿದ ಟ್ರ್ಯಾಕ್ಟರು ಏರು ಹತ್ತುವಂತೆ ಹರಿಯಿತು. ಕಳೆ ತೆಗೆಯಲು ಹೊರಟಿದ್ದ ಒಬ್ಬ ಮುದುಕಿ ಆ ಸದ್ದಿಗೆ ಬೇಲಿ ಸರಿಸಿಕೊಂಡು ಒಳಗೇ ಬಂದಳು.

"ಕಲ್ಲಿಗೆ ಮುಳ್ಳ ಹಾಕಿಸೀರೇನ್ರಪಾ? ನುಣ್ಣಗ ಗಲ್ಲ ಆದಂಗ ಆಗೈತಲ್ಲ."

ಕಲ್ಲು ಸವೆದರೆ ಉಳಿಯಿಂದ ಕಚ್ಚು ಹಾಕಿ ಒರಟು ಮಾಡಬೇಕಂತೆ. ಇದು ನನ್ನ ನಲವತ್ತಮೂರರಲ್ಲಿ ಇರಲಿಲ್ಲ. ಮುದುಕಿ ಭೂಪಾಲನಿಂದ ಉಳಿ, ಸುತ್ತಿಗೆ ಇಸಿದುಕೊಂಡು ಮಧ್ಯಾಹ್ನದವರೆಗೆ ಕೂತು ಟಕ್ ಟಕ್ ಎಂದು ಕಲ್ಲಿಗೆ ಮುಳ್ಳು ಹಾಕಿದಳು. ಹಿಟ್ಟು ಬೀಳತೊಡಗಿತು. ಅವಳು ಸೆರಗು ಕೊಡವಿ ಎದ್ದಾಗ, "ಅವ್ವಾ, ಬರ್ರಿ, ಊಟಾ ಮಾಡಿ ಹೋಗ್ರಿ" ಎಂದೊಂದು ದನಿ ಕೇಳಿಸಿತು. ತಿರುಗಿ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಅದು ಅತಿಥಿಸತ್ಕಾರವಲ್ಲ, ಕೂಲಿ. ಆದ್ದರಿಂದ ಕಲಂ ಎರಡರ ವ್ಯಾಪ್ತಿಗೆ ಬರುವುದಿಲ್ಲ ಎಂದು ಅಧ್ಯಕ್ಷರು ತೀರ್ಮಾನಿಸಿದರು.

ಮೂರನೇ ದಿನ ಕಬ್ಬಿನ ಬಂಡಿಗಳು ಬಂದವು. ಕಾರ್ಖಾನೆಗೆ ಹೋಗುವವರು, ಎತ್ತಿಗೆ ನೀರು ಕೇಳಿದರು. ನೀರು ಅನ್ನವಲ್ಲ ಎಂದು ಕೊಟ್ಟೆ. ಎತ್ತಿಗೆ ಕೊಟ್ಟು ಮನುಷ್ಯರಿಗೆ ಇಲ್ಲವೆನ್ನಲು ಬರುವುದಿಲ್ಲ. ಮನುಷ್ಯರಿಗೆ ಬರೀ ನೀರು ಕೊಡುವ ಪದ್ಧತಿ ನಮ್ಮಲ್ಲಿಲ್ಲ, ಜೊತೆಗೆ ಬೆಲ್ಲ ಬೇಕು. ಬೆಲ್ಲ ತಿಂದವರಿಗೆ ಚಹಾ ಕೇಳದಿದ್ದರೆ ಹೇಗೆ? ಚಹಾ ಕುಡಿಯುವ ಹೊತ್ತಿಗೆ ಊಟದ ಹೊತ್ತಾಗಿತ್ತು. "ಬರ್ರಿ, ಕೈ ತೊಳ್ಕೊರಿ" ಎಂದದ್ದೂ ನಾನೇ ಎಂದು ಲಕ್ಷ್ಮಣ ಇವತ್ತಿಗೂ ಆಣೆ ಮಾಡಿ ಹೇಳುತ್ತಾನೆ. ಮರುದಿನ ಬೇರೆ ಬಂಡಿಗಳು ಬಂದವು. ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ, ನಮ್ಮ ಶೆಡ್ಡಿನ ಮುಂದೆ ಎತ್ತುಗಳೇ ನಿಂತವು.

ಐದನೇ ದಿನ ತಾಳದ ಸದ್ದು ಕೇಳಿತು. ಕಾರ್ತಿಕ ಏಕಾದಶಿಗೆ ಪಂಢರಪುರಕ್ಕೆ ನಡೆದು ಹೊರಟ ದಿಂಡಿ. ಅರವತ್ತು ಎಪ್ಪತ್ತು ಜನ, ಮುಂದೆ ಪತಾಕೆ, ಹೆಂಗಸರ ತಲೆಯ ಮೇಲೆ ತುಳಸಿ. ಮುಂದಿದ್ದ ಕೀರ್ತನಕಾರ ಮಹಾರಾಜರು ಬೋರ್ಡಿನ ಮರಾಠಿ ಭಾಗವನ್ನು ಗಟ್ಟಿಯಾಗಿ ಓದಿದರು. ಅಕ್ಷರಗಳು ಬಹಳ ಸುಂದರವಾಗಿವೆ ಎಂದರು.

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನನ್ನ ಅಕ್ಷರವನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಶೈಲಾ ಶೆಡ್ಡಿನ ಬಾಗಿಲಲ್ಲಿ ನಿಂತು, ಬೇಡ ಎಂದು ತಲೆಯಾಡಿಸುತ್ತಿದ್ದದ್ದು ನನಗೆ ಕಾಣುತ್ತಿತ್ತು. ಬಾಯಿಗೆ ಕಾಣಲಿಲ್ಲ.

"ಬರ್ರಿ ಮಹಾರಾಜ್, ಪ್ರಸಾದ ಮಾಡ್ಕೊಂಡ ಹೋಗ್ರಿ."

ದಿಂಡಿಯ ಹೆಂಗಸರೇ ಬೀಸಿದರು, ತಟ್ಟಿದರು, ಅಭಂಗ ಹಾಡಿದರು. ಮುಳ್ಳು ಹಾಕಿದ ಕಲ್ಲು ಹೂವಿನಂಥ ಹಿಟ್ಟು ಸುರಿಸಿತು. ನಿಯಮಾವಳಿಯ ಹಾಳೆಯ ಮೇಲೆ ಯಾರೋ ಪೂಜೆಯ ಬುಕ್ಕಿಟ್ಟಿನ ಪುಡಿ ಹಚ್ಚಿ ಕೈ ಮುಗಿದರು. ಮಧ್ಯಾಹ್ನ ಮೂರಕ್ಕೆ ದಿಂಡಿ ಹೊರಟಾಗ ಚೀಲದ ಮೂಲೆ ಕೊಡವಿದರೆ ಸಿಕ್ಕಿದ್ದು ಬೊಗಸೆ ಜೋಳ. ಅದಕ್ಕೆ ಶೈಲಾ ಎರಡು ರೊಟ್ಟಿ ಬೇಯಿಸಿ, ಒಂದನ್ನು ನಮ್ಮ ಆರು ಜನಕ್ಕೆ ಹಂಚಿ, ಇನ್ನೊಂದನ್ನು ಕೆಂಡದ ಮುಂದೆ ನಿಲ್ಲಿಸಿ ಕಡಕ್ ಮಾಡಿ ಡಬ್ಬಿಯಲ್ಲಿಟ್ಟಳು.

"ಇದು ಆಯೀದು. ನೀವ ಡಬ್ಬಿ ಕಡೆ ಹೊಳ್ಳಿ ಸೈತ ನೋಡಬ್ಯಾಡ್ರಿ."

ಉಳಿದ ಮೂರು ದಿನ ಕಬ್ಬು ಸಿಗಿದೆವು, ಬೇಲಿಯ ಮೇಲಿನ ತೊಂಡೆಕಾಯಿ ಬೇಯಿಸಿಕೊಂಡೆವು. ಹೊಟ್ಟೆ ಹಸಿದಿತ್ತು, ಆದರೆ ಮನಸ್ಸು ಗಟ್ಟಿಯಿತ್ತು. ಷರತ್ತು ಒಂದೇ ರೊಟ್ಟಿಯದು. ರೊಟ್ಟಿ ಡಬ್ಬಿಯಲ್ಲಿತ್ತು. ಬಾವಿ ಮೂಲೆ ಹೆಚ್ಚುಕಡಿಮೆ ನಮ್ಮದೇ.

ಎಂಟನೇ ದಿನ ಸಂಜೆ ಭೂಪಾಲ ಆಯಿಯನ್ನು ಕರೆತರಲು ಹೋದ. ಹೆಂಗಸರು ಬಾವಿಯ ಆಚೆ ಪಾತ್ರೆ ತೊಳೆಯುತ್ತಿದ್ದರು, ಲಕ್ಷ್ಮಣ ನೀರು ಸೇದಿ ಕೊಡುತ್ತಿದ್ದ. ಡಬ್ಬಿಯ ಕಾವಲಿಗೆ ನಾನು. ಹೊತ್ತು ಕಬ್ಬಿನ ಗರಿಯ ಮಟ್ಟಕ್ಕೆ ಇಳಿದಿತ್ತು. ಇನ್ನು ಅರ್ಧ ತಾಸು. ನಾನು ಮನಸ್ಸಿನಲ್ಲಿ ನಕಾಶೆಯ ಎರಡನೇ ಗೋಪುರವನ್ನು ವಾಪಸ್ ಕಟ್ಟಿಸುತ್ತಿದ್ದೆ.

ಬೋರ್ಡಿನ ಮುಂದೆ ಒಬ್ಬ ನಿಂತಿದ್ದ. ಕೈಯಲ್ಲಿ ಒಂದು ಬಟ್ಟೆಯ ಚೀಲ, ಮೊಣಕಾಲಿನವರೆಗೆ ಧೂಳು. ಮಗಳ ಊರಿಗೆ ಹೊರಟವನಂತೆ, ಬಸ್ಸು ತಪ್ಪಿತಂತೆ. ಏಕಸಂಬಿ ಇನ್ನೆಷ್ಟು ದೂರ ಎಂದು ಕೇಳಿದ. ಅಷ್ಟೇ ಕೇಳಿದ್ದು ಅವನು. ನೀರನ್ನೂ ಕೇಳಲಿಲ್ಲ. ನಾನು ಎರಡು ಮೈಲಿ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು.

ಅವನು ರೊಟ್ಟಿಯನ್ನು ನೀರಿನಲ್ಲಿ ಅದ್ದಿಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ತಿಂದ. ಕೊನೆಯ ತುಣುಕು ಬಾಯಿಗೆ ಹೋದಾಗ ನನಗೆ ಎಚ್ಚರವಾಯಿತು. ಡಬ್ಬಿ ನನ್ನ ಕೈಯಲ್ಲೇ ಇತ್ತು. ಅವನು ಕೈ ಮುಗಿದು ಹೊರಟ.

ಅವನು ತಿರುವಿನಲ್ಲಿ ಮರೆಯಾಗುವುದಕ್ಕೂ ಆಯಿ ಬಂದು ಇಳಿಯುವುದಕ್ಕೂ ಸರಿಹೋಯಿತು. ಎಲ್ಲರೂ ಸೇರಿದರು. ಆಯಿ ಬೇವಿನ ಕೆಳಗೆ ಕೂತು ಕೈ ಚಾಚಿದರು. ಶೈಲಾ ಹೆಮ್ಮೆಯಿಂದ ಡಬ್ಬಿ ತೆರೆದಳು. ಆಮೇಲೆ ನನ್ನನ್ನು ನೋಡಿದಳು. ಆ ನೋಟದ ಬಗ್ಗೆ ನಾನು ಹೆಚ್ಚು ಬರೆಯಲಾರೆ.

"ರೊಟ್ಟಿ ಎಲ್ಲಿ ಹೋತ್ರಿ, ಮಾಸ್ತರ?" ಎಂದರು ಆಯಿ.

"ಒಬ್ಬಾಂವ ಬಂದಿದ್ದಾರೀ."

"ಯಾರಾಂವ?"

"ಹೆಸರ ಕೇಳಲಿಲ್ಲರಿ."

ಆಯಿ ಮುಳುಗುವ ಹೊತ್ತನ್ನು ನೋಡಿದರು, ಬೋರ್ಡನ್ನು ನೋಡಿದರು, ಡಬ್ಬಿಯನ್ನು ಮುಚ್ಚಿ ಶೈಲಾಳ ಕೈಗಿಟ್ಟರು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

"ನೀವ ಸುಮ್ಮ ಊರಾಗ ಇರ್ರಿ, ಮಾಸ್ತರ. ಇದು ನಿಮ್ಮ ಕಡಿಂದ ಆಗೂದಲ್ಲ. ಜಗತ್ತ ಮುಳಗಿದ ದಿವಸ ನಮ್ಮನಿಗೆ ಬರ್ರಿ, ಊಟಕ್ಕ."

ಬಾವಿ ಮೂಲೆಯಲ್ಲಿ ಆ ವರ್ಷ ಆಯಿ ಮೆಣಸಿನಗಿಡ ಹಚ್ಚಿಸಿದರು. ನನ್ನ ಬೋರ್ಡು ಅವರ ಹೊಟ್ಟಿನ ಬಣವೆಯ ಮೇಲೆ ಗಾಳಿಗೆ ಭಾರವಾಗಿ ಕೂತಿದೆ. ದಿಂಡಿಯವರು ಮರುವರ್ಷವೂ ಬಂದು, 'ಇಲ್ಲಿ ಏನೂ ಇಲ್ಲ'ದ ಜಾಗ ಎಲ್ಲಿ ಎಂದು ಹುಡುಕಿದರಂತೆ. ಜಗತ್ತಂತೂ ಡಿಸೆಂಬರಿನಲ್ಲಿ ಮುಗಿಯಲಿಲ್ಲ. ಶೈಲಾ ನನ್ನೊಂದಿಗೆ ಮಾತಾಡಲು ಶುರು ಮಾಡಿದ್ದು ಜನವರಿಯಲ್ಲಿ.

ಮೊನ್ನೆ ನೋಟ್‌ಬುಕ್ಕು ಸಿಕ್ಕಿತು. ಭೂಕಂಪ, ನೆರೆ, ನುಸಿ, ಹಂದಿ, ಹಾವು, ಹಳೆಯ ವಿದ್ಯಾರ್ಥಿಗಳು, ಎಲ್ಲ ಸಾಲಾಗಿ ಇದ್ದವು, ಒಂದೂ ನಡೆಯದೆ. ಪೆನ್ನು ತೆಗೆದು ಕೊನೆಯಲ್ಲಿ ನಲವತ್ನಾಲ್ಕನೆಯದನ್ನು ಸೇರಿಸಿದೆ: 'ಅಧ್ಯಕ್ಷರ ಬಾಯಿ.' ಎದುರಿಗೆ ಪರಿಹಾರ ಬರೆಯಬೇಕೆಂದು ಯೋಚಿಸುತ್ತಿರುವಾಗ ಬಾಗಿಲಲ್ಲಿ ಯಾರೋ ನಿಂತ ನೆರಳು ಬಿತ್ತು. ಯಾರೆಂದು ತಲೆ ಎತ್ತಿ ನೋಡುವ ಮೊದಲೇ ಹೇಳಿಬಿಟ್ಟಿದ್ದೆ.

"ಬರ್ರಿ."