ಅಪರಾಧಿಯ ಉಳಿದ ಮುಕ್ಕಾಲು

ನವೆಂಬರ್ ಹದಿನೇಳು, ಸೋಮವಾರ. ಬೆಳಿಗ್ಗೆಯಿಂದ ಮೋಡ ಕವಿದಿತ್ತು. ಮಳೆ ಬರಲಿಲ್ಲ, ಗಾಳಿಯೂ ಇರಲಿಲ್ಲ. ಆ ದಿನ ನಗರದ ಮೂರನೇ ನ್ಯಾಯಾಲಯದಲ್ಲಿ, ಹೆಂಗಸರ ಕೋಟುಗಳಿಗೆ ಜೇಬು ಇಟ್ಟ ಅಪರಾಧಕ್ಕಾಗಿ ಒಬ್ಬ ದರ್ಜಿ ಹೆಂಗಸಿನ ವಿಚಾರಣೆ ಕ್ರಮಬದ್ಧವಾಗಿ ಆರಂಭವಾಯಿತು.

ರಾಷ್ಟ್ರಪಾಲಕರು ಅಧಿಕಾರ ವಹಿಸಿಕೊಂಡ ಮೇಲೆ ಗುರುಮಂಡಳಿ ಹೊರಡಿಸಿದ ನಿಯಮಗಳಲ್ಲಿ ಜೇಬಿನ ನಿಯಮ ಬಹಳ ಮೃದುವಾದದ್ದೆಂದು ಹೆಸರಾಗಿತ್ತು. ಜೇಬಿದ್ದರೆ ಅದರಲ್ಲಿ ಏನಾದರೂ ಇಡಬೇಕು ಅನ್ನಿಸುತ್ತದೆ. ಇಟ್ಟದ್ದು ತನ್ನದು ಅನ್ನಿಸುತ್ತದೆ. ತನ್ನದು ಅಂತ ಒಂದು ಇದೆ ಎಂದು ಗೊತ್ತಾದ ಹೆಂಗಸು ಕರೆದ ಕೂಡಲೇ ಬರುವುದಿಲ್ಲ. ಗುರುಮಂಡಳಿ ಇದನ್ನು ಹಲವು ವರ್ಷ ಅಧ್ಯಯನ ಮಾಡಿ ಕಂಡುಕೊಂಡಿತ್ತು. ಶಿಕ್ಷೆ ಆರು ವರ್ಷ.

ದರ್ಜಿಯ ಪರವಾಗಿ ನಿಂತವಳು ಒಬ್ಬ ವಕೀಲೆ. ಹೆಂಗಸರು ವಕೀಲಿ ಮಾಡಬಾರದೆಂಬ ನಿಯಮ ದೇಶದಲ್ಲಿ ಇರಲಿಲ್ಲ. ಹಾಗೆಂದು ಯಾರಾದರೂ ಹೊರದೇಶದಲ್ಲಿ ಹೇಳಿದರೆ ಸರ್ಕಾರ ಖಂಡಿಸುತ್ತಿತ್ತು. ಅವರ ದನಿ ನ್ಯಾಯಾಲಯದಲ್ಲಿ ಕೇಳಿಸಬಾರದು ಎಂದಷ್ಟೇ ಇತ್ತು. ಆದ್ದರಿಂದ ವಕೀಲೆ ತನ್ನ ವಾದವನ್ನು ಮನೆಯ ಒಬ್ಬ ಗಂಡಸಿನ ಕಿವಿಯಲ್ಲಿ ಹೇಳಬೇಕು, ಆತ ಅದನ್ನು ಗಟ್ಟಿಯಾಗಿ ನ್ಯಾಯಾಧೀಶರಿಗೆ ಹೇಳಬೇಕು. ಈ ವಕೀಲೆಗೆ ಅಪ್ಪ ಇರಲಿಲ್ಲ, ಮದುವೆಯಾಗಿರಲಿಲ್ಲ. ಇದ್ದವರು ಚಿಕ್ಕಪ್ಪ ಒಬ್ಬರೇ.

ಚಿಕ್ಕಪ್ಪ ರೈಲು ನಿಲ್ದಾಣದಲ್ಲಿ ಗಾಡಿಗಳ ಬರುಹೋಗು ಕೂಗಿ ಕೂಗಿ ನಿವೃತ್ತರಾದವರು. ಕಂಚಿನ ಕಂಠ. ಕಾನೂನಿನ ಗಂಧಗಾಳಿ ಇಲ್ಲ. ಅದರ ಬಗ್ಗೆ ಅವರಿಗೆ ಅಳುಕೂ ಇರಲಿಲ್ಲ. ತಾವು ಕೂಗಿದ ಗಾಡಿಗಳಲ್ಲಿ ಒಂದನ್ನೂ ಹತ್ತದೆ, ಅವು ಮುಟ್ಟುವ ಊರುಗಳಲ್ಲಿ ಒಂದನ್ನೂ ನೋಡದೆ ಅವರು ಒಳ್ಳೆಯ ಹೆಸರು ಪಡೆದಿದ್ದರು. ನಲವತ್ತೈದು ದಾಟಿದ ವಕೀಲೆಯನ್ನು ಈಗಲೂ ‘ಪುಟ್ಟಿ’ ಎಂದೇ ಕರೆಯುತ್ತಿದ್ದರು. ಅವಳು ಪಿಸುಗುಟ್ಟಿದ್ದನ್ನೆಲ್ಲ ಹಳೆಯ ಅಭ್ಯಾಸಬಲದಿಂದ ಎರಡೆರಡು ಸಲ ಹೇಳುತ್ತಿದ್ದರು. ನ್ಯಾಯಾಲಯದ ಗುಮಾಸ್ತ ಎರಡೂ ಸಲ ಬರೆದುಕೊಳ್ಳುತ್ತಿದ್ದ.

ಅವತ್ತು ದರ್ಜಿ ಹೆಂಗಸು ಕಟಕಟೆಯಲ್ಲಿ ನಿಂತಿದ್ದಳು. ಅವಳದು ದೇಶದಲ್ಲಿ ‘ಸಣ್ಣ ಮತ’ ಎಂದು ಕರೆಯುವ ಪಂಗಡ. ಅವಳ ಹೇಳಿಕೆಯನ್ನು ಪುಟ್ಟಿ ಪಿಸುಗುಟ್ಟಿದಳು, ಚಿಕ್ಕಪ್ಪ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

“ದಯವಿಟ್ಟು ಗಮನಿಸಿ. ಕೋಟಿಗೆ ಜೇಬು ಬೇಕು ಅಂತ ಗಿರಾಕಿಗಳು ಕೇಳಿದರು, ನಾನು ಹೊಲಿದುಕೊಟ್ಟೆ. ಇದರಲ್ಲಿ ಯಾರಿಗೂ ಕೇಡಾಗಿಲ್ಲ. ದಯವಿಟ್ಟು ಗಮನಿಸಿ. ಕೋಟಿಗೆ ಜೇಬು…”

“ಆಯ್ತು, ಕೇಳಿಸ್ತು,” ಎಂದರು ನ್ಯಾಯಾಧೀಶರು.

ಸರ್ಕಾರಿ ವಕೀಲ ಎದ್ದ. “ಮಹಾಸ್ವಾಮಿ, ಹೆಂಗಸಿನ ಮಾತಿಗೆ ಗಂಡಸಿನ ಮಾತಿನ ಅರ್ಧ ಬೆಲೆ. ಸಣ್ಣ ಮತದವರ ಮಾತಿಗೆ ನಮ್ಮವರ ಮಾತಿನ ಅರ್ಧ. ಇವಳು ಎರಡೂ ಆಗಿರೋದರಿಂದ ಅರ್ಧದಲ್ಲಿ ಅರ್ಧ, ಅಂದರೆ ಕಾಲುಭಾಗ ಸಾಕ್ಷಿ. ಕಾಲುಭಾಗ ಸಾಕ್ಷಿಯಿಂದ ಯಾವುದೂ ರುಜುವಾತಾಗೋದಿಲ್ಲ.”

“ಸರಿಯಾಗಿದೆ,” ಎಂದು ನ್ಯಾಯಾಧೀಶರು ಕಾಲುಭಾಗ ಎಂದು ಬರೆದುಕೊಂಡರು.

ಪುಟ್ಟಿಯೂ ತನ್ನ ಕಾಗದದಲ್ಲಿ ಕಾಲುಭಾಗ ಎಂದು ಬರೆದುಕೊಂಡಳು. ಇಂಥ ಎಷ್ಟೋ ಮೊಕದ್ದಮೆಗಳಲ್ಲಿ ಅವಳು ಸೋತಿದ್ದಳು; ಸೋತು ಬಂದ ದಿನ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಜೋರಾಗಿ ಇಡುತ್ತಾಳೆ ಎಂಬುದರಿಂದಲೇ, ತೀರ್ಪಿನ ಭಾಷೆ ತಿಳಿಯದ ಚಿಕ್ಕಪ್ಪನಿಗೆ ಅದು ಗೊತ್ತಾಗುತ್ತಿತ್ತು. ಈ ಸಲ ಜೈಲಿನಲ್ಲಿ ದರ್ಜಿ ಹೆಂಗಸು, “ನನ್ನ ಮಗಳಿಗೆ ಈಗ ಮೂರು, ವಕೀಲಮ್ಮ. ಆರು ವರ್ಷ ಆದ್ಮೇಲೆ ಬಂದ್ರೆ ಯಾರಿವಳು ಅಂತಾಳೆ,” ಎಂದದ್ದನ್ನು ಅವರೂ ಕೇಳಿದ್ದರು. ಅವತ್ತು ರಾತ್ರಿ ಪುಟ್ಟಿ ಪಾತ್ರೆಗಳನ್ನು ಮೆಲ್ಲಗೆ ಇಟ್ಟಿದ್ದಳು. ಅದು ಅವರಿಗೆ ಇನ್ನೂ ಹೆಚ್ಚು ಹೆದರಿಕೆ ತಂದಿತ್ತು.

ಈಗ ಅವಳು ಅವರ ತೋಳು ಹಿಡಿದು ಕಿವಿಗೆ ಬಾಯಿಟ್ಟಳು. ಕೇಳಿ ಚಿಕ್ಕಪ್ಪನ ಹುಬ್ಬು ಮೇಲೆ ಹೋಯಿತು.

“ಪುಟ್ಟಿ, ಇದನ್ನ ಹೇಳಿದ್ರೆ ನನ್ನನ್ನೂ ಒಳಗೆ ಹಾಕಲ್ಲ ತಾನೆ?”

“ನಿಮ್ಮನ್ನ ಹಾಕಿದ್ರೆ ನನ್ನ ವಾದ ಹೇಳೋರು ಯಾರು? ಹೇಳಿ ಚಿಕ್ಕಪ್ಪ.”

“ನೀನು ಹೇಳೋದು ಹೇಳ್ತೀಯ, ನಿಂತ್ಕೊಳ್ಳೋನು ನಾನು,” ಎಂದು ಗೊಣಗುತ್ತಲೇ ಎದ್ದರು. “ದಯವಿಟ್ಟು ಗಮನಿಸಿ. ಸತ್ಯ ಹೇಳುವಾಗ ಈಕೆ ಕಾಲುಭಾಗವಾದರೆ, ತಪ್ಪು ಮಾಡುವಾಗ ಪೂರ್ತಿ ಹೇಗಾದಳು? ದಯವಿಟ್ಟು ಗಮನಿಸಿ. ಸತ್ಯ ಹೇಳುವಾಗ…”

ಎರಡನೆಯ ಸಲ ಹೇಳಿ ಮುಗಿಸುವವರೆಗೂ ಯಾರೂ ತಡೆಯಲಿಲ್ಲ.

“ತಪ್ಪಿಗೆ ಅವಳು ಪೂರ್ತಿಯೇ!” ಎಂದ ಸರ್ಕಾರಿ ವಕೀಲ.

“ಹಾಗಾದರೆ ಗುರುಮಂಡಳಿಯ ಲೆಕ್ಕ ತಪ್ಪು ಅಂತೀರಾ?” ಎಂದು ನ್ಯಾಯಾಧೀಶರು ಕೇಳಿದರು. ಕೆಣಕುವುದಕ್ಕಲ್ಲ, ಬರೆದುಕೊಳ್ಳುವುದಕ್ಕೆ.

ಸರ್ಕಾರಿ ವಕೀಲ ಕೂತುಬಿಟ್ಟ. ಗುರುಮಂಡಳಿಯ ಲೆಕ್ಕ ತಪ್ಪೆಂದವನಿಗೆ ಹತ್ತು ವರ್ಷ ಇತ್ತು. ನ್ಯಾಯಾಧೀಶರಿಗೂ ಇದು ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊನೆಗೆ ಅಪರಾಧವೂ ಕಾಲುಭಾಗವೇ ಎಂದು ಒಪ್ಪಿ, ಶಿಕ್ಷೆಯನ್ನೂ ಕಾಲುಭಾಗ ಮಾಡಿ, ಒಂದೂವರೆ ವರ್ಷವೆಂದರು.

ಚಿಕ್ಕಪ್ಪ ಮತ್ತೆ ಎದ್ದರು. ಅಪರಾಧಿ ಕಾಲುಭಾಗವಾದರೆ ಉಳಿದ ಮುಕ್ಕಾಲು ನಿರಪರಾಧಿ, ನಿರಪರಾಧಿಯನ್ನು ಜೈಲಿನಲ್ಲಿ ಇಡುವುದು ಯಾವ ನಿಯಮದಲ್ಲಿದೆ ಎಂದು ಎರಡು ಸಲ ಕೇಳಿದರು. ಜೈಲಿನ ಮೇಲ್ವಿಚಾರಕರನ್ನು ಕರೆಸಲಾಯಿತು. ಅವರು ಟೋಪಿಯನ್ನು ಕಂಕುಳಲ್ಲಿ ಇಟ್ಟುಕೊಂಡು ವಿನಯದಿಂದ ಹೇಳಿದರು:

“ಯಾವ ಭಾಗ ಅಂತ ಆದೇಶದಲ್ಲಿ ಬರೆದುಕೊಟ್ಟರೆ ಒಳಗಿಡೋದಕ್ಕೆ ನಮ್ಮ ಅಭ್ಯಂತರ ಇಲ್ಲ, ಮಹಾಸ್ವಾಮಿ. ಜೊತೆಗೆ ಬರುವ ಉಳಿದ ಭಾಗವನ್ನು ಸಂದರ್ಶಕರ ಕೋಣೆಯಲ್ಲಿ ಕೂರಿಸಬೇಕಾಗುತ್ತೆ. ಅಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕೂರುವಂತಿಲ್ಲ.”

ವಿಷಯ ಗುರುಮಂಡಳಿಗೆ ಹೋಯಿತು. ಗುರುಮಂಡಳಿ ಧ್ಯಾನ ಮಾಡಿ ಉತ್ತರ ಕಳಿಸಿತು: ಅಪರಾಧಿಯನ್ನು ಭರ್ತಿ ಮಾಡತಕ್ಕದ್ದು. ಮರುದಿನವೇ ಎಲ್ಲ ಗೋಡೆಗಳ ಮೇಲೂ ಪೊಲೀಸರ ಪ್ರಕಟಣೆ ಬಂತು.

‘ಜೇಬಿನ ಪ್ರಕರಣಕ್ಕೆ ಮುಕ್ಕಾಲು ಅಪರಾಧಿ ಬೇಕಾಗಿದ್ದಾರೆ. ಸಣ್ಣ ಮತದ ಮೂವರು ಹೆಂಗಸರು, ಅಥವಾ ನಮ್ಮ ಮತದ ಒಬ್ಬಳು ಮತ್ತು ಸಣ್ಣ ಮತದ ಒಬ್ಬಳು ಸಾಕು. ಜೇಬುಳ್ಳವರು ತಾವಾಗಿಯೇ ಠಾಣೆಗೆ ಬಂದು ಭರ್ತಿಗೆ ಸಹಕರಿಸಬೇಕು.’

ಯಾರೂ ಬರಲಿಲ್ಲ. ಪೊಲೀಸರು ಬೀದಿಯಲ್ಲಿ ನಿಂತು ಕೋಟು ತಡಕುವಂತಿರಲಿಲ್ಲ. ಪರಸ್ತ್ರೀಯ ಕೋಟು ಮುಟ್ಟುವುದಕ್ಕೂ ನಿಷೇಧವಿತ್ತು. ಆದ್ದರಿಂದ ಪ್ರತಿಯೊಬ್ಬ ಅಧಿಕಾರಿಯೂ ತನ್ನ ತನ್ನ ಮನೆಯ ಹೆಂಗಸರ ಕೋಟನ್ನು ತಾನೇ ಪರೀಕ್ಷಿಸಿ ವರದಿ ಕೊಡಬೇಕೆಂದು ಆದೇಶವಾಯಿತು. ದರ್ಜಿ ಹೆಂಗಸಿನ ಕೈಕೆಲಸ ಅಚ್ಚುಕಟ್ಟು. ಜೇಬು ಹೊರಗಿನಿಂದ ಕಾಣುತ್ತಿರಲಿಲ್ಲ. ಕೈ ಹಾಕಿದವರಿಗೆ ಮಾತ್ರ ಸಿಕ್ಕಿತು. ನ್ಯಾಯಾಧೀಶರಿಗೆ ಹೆಂಡತಿಯ ಕೋಟಿನಲ್ಲಿ ಎರಡು ಸಿಕ್ಕಿದವು. ಸರ್ಕಾರಿ ವಕೀಲನಿಗೆ ತಾಯಿಯ ಕೋಟಿನಲ್ಲಿ ಒಂದು, ಅದರೊಳಗೆ ಒಂದು ಬೀಗದ ಕೈ. ಆ ಬೀಗ ಯಾವುದು ಎಂದು ಕೇಳಿದ್ದಕ್ಕೆ ಮುದುಕಿ, “ನಿನ್ನಪ್ಪ ಸತ್ತು ಹೋದ್ರು, ಅವರಿಗೇ ನಾನು ಹೇಳ್ಲಿಲ್ಲ,” ಎಂದಳಂತೆ. ಗುರುಮಂಡಳಿಯವರ ಮನೆಗಳ ವರದಿಗಳು ಮುಚ್ಚಿದ ಲಕೋಟೆಯಲ್ಲಿ ಬಂದವು, ಮುಚ್ಚಿದಂತೆಯೇ ಉಳಿದವು.

ಮುಂದಿನ ವಿಚಾರಣೆಯ ದಿನ ನ್ಯಾಯಾಧೀಶರ ಕಣ್ಣುಗಳು ಕೆಂಪಾಗಿದ್ದವು. ವಾದ ಕೇಳದೆಯೇ ಅವರು ವಕೀಲೆಯನ್ನು ತಮ್ಮ ಕೋಣೆಗೆ ಕರೆದರು. ಚಿಕ್ಕಪ್ಪನೂ ಎದ್ದು ಕೋಟು ಸರಿಮಾಡಿಕೊಂಡರು.

“ನೀವು ಬೇಕಾಗಿಲ್ಲ,” ಎಂದ ಗುಮಾಸ್ತ. “ಒಳಗೆ ಸಹಿ ಅಷ್ಟೇ. ಸಹಿಗೆ ದನಿ ಇಲ್ಲವಲ್ಲ.”

ಬಾಗಿಲು ತೆರೆದೇ ಇರಬೇಕೆಂದು ನಿಯಮವಿದ್ದುದರಿಂದ ಪಡಸಾಲೆಯ ಬೆಂಚಿನಿಂದ ಚಿಕ್ಕಪ್ಪನಿಗೆ ಪುಟ್ಟಿಯ ಬೆನ್ನು ಕಾಣುತ್ತಿತ್ತು. ಬಹಳ ಹೊತ್ತು ಆ ಬೆನ್ನು ಅಲ್ಲಾಡಲಿಲ್ಲ. ಆಮೇಲೆ ಬಲಗೈ ಮಾತ್ರ ಸ್ವಲ್ಪ ಅಲ್ಲಾಡಿತು. ಹೊರಗೆ ಬಂದವಳು, “ಬಿಟ್ರು ಚಿಕ್ಕಪ್ಪ,” ಎಂದಳು. ಅವರು ಖುಷಿಯಿಂದ ಅವಳ ಬೆನ್ನು ತಟ್ಟಿದರು. ಅವಳು ನಗಲಿಲ್ಲ. ಹಸಿವಿರಬೇಕು ಎಂದುಕೊಂಡರು.

ತೀರ್ಪು ಚಿಕ್ಕದಾಗಿತ್ತು: ಅಪರಾಧ ರುಜುವಾತಾಗಿದೆ, ಅಪರಾಧಿ ಅಪೂರ್ಣ, ಬಿಡುಗಡೆ. ಜೈಲಿನ ಬಾಗಿಲಲ್ಲಿ ದರ್ಜಿ ಹೆಂಗಸಿನ ಮಗಳು ಅಮ್ಮನನ್ನು ನೋಡಿ ಮೊದಲು ಅಜ್ಜಿಯ ಹಿಂದೆ ಅವಿತುಕೊಂಡಳು, ಆಮೇಲೆ ಬಂದಳು.

ಆ ವಾರದಲ್ಲೇ ಸಾರಿಗೆ ಇಲಾಖೆಯವರು ಚಿಕ್ಕಪ್ಪನ ಮನೆಗೆ ಬಂದರು. ಒಂದು ಮಹತ್ವದ ಪ್ರಕಟಣೆಗೆ ಕಂಚಿನ ಕಂಠ ಬೇಕಾಗಿದೆ, ನ್ಯಾಯಾಲಯದಲ್ಲಿ ಎಲ್ಲರೂ ನಿಮ್ಮನ್ನೇ ಹೊಗಳುತ್ತಾರೆ ಎಂದರು. ಚಿಕ್ಕಪ್ಪ ಹೊಸ ಅಂಗಿ ಹಾಕಿಕೊಂಡು ಹೋಗಿ, ಕೊಟ್ಟದ್ದನ್ನು ಎರಡು ಸಲ ಓದಿ, ಚಹಾ ಕುಡಿದು ಬಂದರು. ಓದಿದ್ದೇನು ಎಂದು ಪುಟ್ಟಿ ಕೇಳಲಿಲ್ಲ. ಅವರೂ, ಗಾಡಿ ಎಲ್ಲಿಗೆ ಹೋಗುತ್ತದೆಂದು ಎಂದೂ ಕೇಳದವರು, ಅದರ ಬಗ್ಗೆ ಯೋಚಿಸಲಿಲ್ಲ.

ಅರ್ಧದ ಲೆಕ್ಕಕ್ಕೆ ವ್ಯವಸ್ಥೆ ಬಹಳ ಬೇಗ ಹೊಂದಿಕೊಂಡಿತು. ಶಾಲೆಗಳಲ್ಲಿ ಹೆಣ್ಣುಮಕ್ಕಳನ್ನು ಮಧ್ಯಾಹ್ನ ಮನೆಗೆ ಕಳಿಸಿದರು. ಆಸ್ಪತ್ರೆಯಲ್ಲಿ ಒಂದು ಹಾಸಿಗೆಗೆ ಇಬ್ಬರು ಹೆಂಗಸರಾದರು. ಕಾರ್ಖಾನೆಗಳಲ್ಲಿ ಸಂಬಳ ಅರ್ಧವಾಯಿತು. ಕೆಲಸವನ್ನೂ ಅರ್ಧ ಮಾಡುವ ಪ್ರಸ್ತಾಪ ಪರಿಶೀಲನೆಯಲ್ಲಿತ್ತು. ಮತ ಎಣಿಸುವ ಪದ್ಧತಿ ಮೊದಲೇ ಇರಲಿಲ್ಲವಾದ್ದರಿಂದ ಚುನಾವಣೆಯಲ್ಲಿ ಯಾವ ಬದಲಾವಣೆಯೂ ಬೇಕಾಗಲಿಲ್ಲ. ರಾಷ್ಟ್ರಪಾಲಕರು ಭಾಷಣದಲ್ಲಿ, ಜನಸಂಖ್ಯೆ ಒಂದೇ ತಿಂಗಳಲ್ಲಿ ಇಷ್ಟು ಇಳಿದ ದೇಶ ಇನ್ನೊಂದಿಲ್ಲ ಎಂದರು.

ಒಂದು ಸಂಜೆ ಚಿಕ್ಕಪ್ಪ, ಪುಟ್ಟಿ, ದರ್ಜಿ ಹೆಂಗಸು ಮೂವರೂ ಬಸ್ಸು ಹತ್ತಿದರು. ಕಂಡಕ್ಟರು ಚಿಕ್ಕಪ್ಪನಿಗೆ ಒಂದು ಟಿಕೆಟ್ ಕೊಟ್ಟ, ಪುಟ್ಟಿಗೆ ಅರ್ಧ ಕೊಟ್ಟ. ಕಾಲುಭಾಗದ ಟಿಕೆಟ್ಟು ಇನ್ನೂ ಅಚ್ಚಾಗಿ ಬಂದಿರಲಿಲ್ಲ. ಒಂದು ಅರ್ಧ ಟಿಕೆಟನ್ನು ನೀಟಾಗಿ ಎರಡು ಮಾಡಿ ಒಂದು ಚೂರನ್ನು ದರ್ಜಿ ಹೆಂಗಸಿಗೆ ಕೊಟ್ಟ. ಇನ್ನೊಂದು ಚೂರನ್ನು ಮುಂದಿನವಳಿಗೆಂದು ಕಿವಿಯ ಮೇಲೆ ಸಿಕ್ಕಿಸಿಕೊಂಡ. ಅರ್ಧಕ್ಕೆ ಅರ್ಧ ಸೀಟು. ಇಬ್ಬರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತರು.

ಬಸ್ಸು ಹೊರಟಿತು. ಮೇಲಿನ ಧ್ವನಿವರ್ಧಕ ಗೊರಗೊರ ಎಂದಿತು, ಚಿಕ್ಕಪ್ಪನ ದನಿ ಬಂತು.

“ದಯವಿಟ್ಟು ಗಮನಿಸಿ. ಮಹಿಳೆಯರ ಕೋರಿಕೆಯ ಮೇರೆಗೆ ಎಲ್ಲ ಮಹಿಳೆಯರನ್ನು ಎಲ್ಲ ಕಡೆಯೂ ಅರ್ಧವೆಂದು, ಸಣ್ಣ ಮತದ ಮಹಿಳೆಯರನ್ನು ಕಾಲುಭಾಗವೆಂದು ಎಣಿಸಲಾಗುವುದು. ಸಹಕರಿಸಿ.”

“ಎಂಥ ಗಂಟಲು ನಿಮ್ಮದು!” ಎಂದಳು ದರ್ಜಿ ಹೆಂಗಸು.

“ವಯಸ್ಸಾಯ್ತಮ್ಮ, ಮೊದಲಿನ ಹಾಗಿಲ್ಲ,” ಎಂದರು ಚಿಕ್ಕಪ್ಪ, ಕಿವಿಯವರೆಗೆ ನಗುತ್ತಾ.

ಹಿಂದಿನ ಸೀಟಿನಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಹೆಂಗಸು, “ಯಾರು ಕೇಳಿಕೊಂಡಳೋ ಪುಣ್ಯಾತ್ಗಿತ್ತಿ, ಬಸ್ಸಿನ ಖರ್ಚಾದ್ರೂ ಕಮ್ಮಿಯಾಯ್ತು,” ಎಂದಳು.

ದನಿ ಎರಡನೆಯ ಸಲ ಶುರುವಾಯಿತು. ಈ ಸಲ ಚಿಕ್ಕಪ್ಪ ಅದನ್ನು ಬೇರೆಯವರು ಕೇಳುವ ಹಾಗೆ ಕೇಳಿದರು. ಅವರ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು.

“ಅಲ್ಲ ಪುಟ್ಟಿ, ಕೋರಿಕೆ ಅಂತಾರಲ್ಲ. ಯಾರು ಕೇಳ್ಕೊಂಡಿದ್ದು?”

“ನಾನು.”

“ನೀನಾ?”

“ಅವತ್ತು ಒಳಗೆ ಕರೆದ್ರಲ್ಲ ಚಿಕ್ಕಪ್ಪ. ಇವಳನ್ನ ಬಿಡಬೇಕಾದ್ರೆ, ನಾವು ಎಲ್ಲದರಲ್ಲೂ ಅರ್ಧವೇ, ಹಾಗೇ ಇರಲಿ ಅಂತ ಹೆಂಗಸರೆಲ್ಲರ ಪರವಾಗಿ ಬರೆದುಕೊಡು ಅಂದ್ರು. ಕೊಟ್ಟೆ.”

ದರ್ಜಿ ಹೆಂಗಸು ಕೈಯಲ್ಲಿದ್ದ ಟಿಕೆಟ್ಟಿನ ಚೂರನ್ನು ನೋಡಿದಳು. ಪುಟ್ಟಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಚಿಕ್ಕಪ್ಪ ತುಸು ಹೊತ್ತು ಲೆಕ್ಕ ಹಾಕಿದರು. ಆಮೇಲೆ ಮುಖ ಅರಳಿತು.

“ಏ, ಅದು ನಡೆಯಲ್ಲ ಬಿಡು! ನೀನು ಅರ್ಧ ಅಂದ್ರೆ ನಿನ್ನ ಸಹಿನೂ ಅರ್ಧ ತಾನೆ? ಇನ್ನೊಬ್ಬಳು ಹಾಕೋವರೆಗೂ ಆ ಕಾಗದಕ್ಕೆ ಬೆಲೆಯೇ ಇಲ್ಲ. ನೀನೇ ಹೇಳಿಕೊಟ್ಟ ವಾದ ಅಲ್ವೇನೇ ಇದು? ನಾಳೆಯೇ ಹೋಗೋಣ, ನಾನು ಹೇಳ್ತೀನಿ, ಎರಡು ಸಲ ಹೇಳ್ತೀನಿ.”

“ಅದನ್ನೂ ಕೇಳಿದೆ ಚಿಕ್ಕಪ್ಪ,” ಎಂದಳು ಪುಟ್ಟಿ. “ಆ ಒಂದು ಸಹಿ ಹಾಕೋವಷ್ಟು ಹೊತ್ತು ನನ್ನನ್ನ ಪೂರ್ತಿ ಅಂತ ಎಣಿಸಿದ್ರು.”