ಅತ್ತೆಯ ಹನ್ನೊಂದು ನಿಮಿಷ

ನಮ್ಮ ಅತ್ತೆಯಂಥ ಸಂಗೀತ ಸಂಯೋಜಕಿ ಗೋವಾದ ಕನ್ನಡಿಗರಲ್ಲಿ ಮತ್ತೊಬ್ಬಳಿಲ್ಲ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ. ಜಾಝ್ ಮತ್ತು ಎಲೆಕ್ಟ್ರಾನಿಕ್ ಸಂಗೀತ ಕಟ್ಟಿದ ಹೆಂಗಸು ನಮ್ಮ ಜನರಲ್ಲಿ ಅವಳೊಬ್ಬಳೇ. ಎರಡನೆಯವಳು ಇನ್ನೂ ಪತ್ತೆಯಾಗಿಲ್ಲ. ಹೀಗಾಗಿ ಮೊದಲ ಸ್ಥಾನವೂ ಅವಳದೇ, ಕೊನೆಯ ಸ್ಥಾನವೂ ಅವಳದೇ! ಪೈಪೋಟಿಯೇ ಇಲ್ಲದ ಕ್ಷೇತ್ರವನ್ನು ಹುಡುಕಿಕೊಳ್ಳುವುದಕ್ಕೂ ತಲೆ ಬೇಕಲ್ಲವೇ?

ಅತ್ತೆ ನನ್ನ ಅಪ್ಪನ ತಂಗಿ. ಅಪ್ಪ ಕಟ್ಟಡ ಕೆಲಸಕ್ಕೆಂದು ವಿಜಾಪುರ ಬಿಟ್ಟು ಮಡಗಾಂವಿಗೆ ಬಂದಾಗ ಜೊತೆಗೆ ಬಂದವಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಪುರುಸೊತ್ತಾಗಲಿಲ್ಲ ಎನ್ನುತ್ತಿದ್ದಳು. ಕಂಪನಿಯ ಬಸ್ಸು ಹತ್ತಿ ಕೊರ್ಲಿಮ್‌ಗೆ ಹೋಗಿ, ಅಲ್ಲಿನ ಕಾರ್ಖಾನೆಯೊಂದರಲ್ಲಿ ದಿನವಿಡೀ ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕುವುದು ಅವಳ ನೌಕರಿ. ಶನಿವಾರ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ. ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು.

ಕೆಟ್ಟದ್ದು ಮನೆಯ ಮಾಲೀಕರಿಂದ. ಅವರು ವಯಸ್ಸಾದ ಕ್ರೈಸ್ತರು, ಹಿಂದೆ ಹೋಟೆಲೊಂದರ ಬ್ಯಾಂಡಿನಲ್ಲಿ ಪಿಯಾನೋ ನುಡಿಸಿದವರು. ಬಾಡಿಗೆ ಕೊಡಲು ಹೋದ ಅತ್ತೆ ಎರಡು ತಾಸಾದರೂ ತಿರುಗಿ ಬರಲಿಲ್ಲ. ಏನೋ ಜಗಳವಾಯಿತೆಂದು ಅಮ್ಮ ಗಾಬರಿಯಿಂದ ಹೋಗಿ ನೋಡಿದರೆ, ಇವಳು ವರಾಂಡದ ಪಿಯಾನೋ ಮುಂದೆ ಕೂತಿದ್ದಾಳೆ! ಅವತ್ತಿನಿಂದ ಆ ಮನೆಗೆ ಬಾಡಿಗೆ ಕೊಡಲು ಅವಳನ್ನು ಬಿಟ್ಟು ಯಾರೂ ಹೋಗುವಂತಿರಲಿಲ್ಲ.

ಮೂರು ವರ್ಷ ಕಲಿತಳು. ಕಲಿತದ್ದನ್ನು ತನ್ನಲ್ಲೇ ಇಟ್ಟುಕೊಳ್ಳುವ ಜಾಯಮಾನ ಅವಳದಲ್ಲ. ಒಂದು ಶನಿವಾರ ಭಜನೆಯ ನಡುವೆ ಹಾರ್ಮೋನಿಯಂ ಎತ್ತಲೋ ಹೊರಟುಹೋಯಿತು. ತಾಳ ಹಾಕುತ್ತಿದ್ದ ಹಿರಿಯರು ಎರಡು ಸಾಲು ತಡೆದುಕೊಂಡರು, ಮೂರನೆಯದಕ್ಕೆ ಕೈ ನಿಲ್ಲಿಸಿದರು.

“ಯವ್ವಾ, ದಾರಿ ತಪ್ಪಿದೆಲ್ಲ.”

“ತಪ್ಪಿಲ್ರಿ ಕಾಕಾ, ಸ್ವಲ್ಪ ಅಡ್ಡಾಡಿ ಬರಾಕ ಹೊಂಟೀನಿ. ನೀವು ತಾಳ ಹಾಕ್ಕೋತ ಇಲ್ಲೇ ಕೂಡ್ರಿ, ಬಂದ ಬರ್ತೀನಿ.”

ಜಾಝ್ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ಇದನ್ನೇ ಹೇಳುತ್ತೇನೆ. ಮಂಡಳಿಯವರು ಮಾತ್ರ ಮುಂದಿನ ವಾರವೇ ಬೇರೆ ಹಾರ್ಮೋನಿಯಂದವರನ್ನು ಗೊತ್ತುಮಾಡಿದರು. ಅಡ್ಡಾಡಲು ಹೋದವಳಿಗಾಗಿ ದೇವರು ಎಷ್ಟು ಹೊತ್ತೆಂದು ಕಾಯಬೇಕು?

ಆಮೇಲೆ ಅವಳ ವೃತ್ತಿಜೀವನದ ಎರಡನೆಯ ಘಟ್ಟ, ಎಂದರೆ ಮನೆಯವರ ಕಷ್ಟದ ಮೊದಲನೆಯ ಘಟ್ಟ. ಯಾರೋ ಮಾರಲು ಇಟ್ಟ ಹಳೆಯ ಕಂಪ್ಯೂಟರ್ ತಂದಳು, ಕೀಬೋರ್ಡ್ ತಂದಳು, ಉಳಿದದ್ದನ್ನು ತಾನೇ ಬೆಸುಗೆ ಹಾಕಿ ಮಾಡಿಕೊಂಡಳು. ಜಗತ್ತಿನ ಸದ್ದುಗಳನ್ನೆಲ್ಲ ಟೇಪ್ ರೆಕಾರ್ಡರಿನಲ್ಲಿ ಹಿಡಿದು ತರುವುದು, ಕಂಪ್ಯೂಟರಿನಲ್ಲಿ ಕತ್ತರಿಸುವುದು, ಹಿಗ್ಗಿಸುವುದು, ಪಿಯಾನೋ ಜೊತೆ ಕೂಡಿಸುವುದು. ನಮ್ಮ ಮನೆಯಲ್ಲಿ ಸೀನಲೂ ಹೆದರಿಕೆಯಾಗುತ್ತಿತ್ತು.

ನನ್ನ ತಂಗಿಯನ್ನು ನೋಡಲು ಬೀಗರು ಬಂದ ದಿನ ವರನ ತಂದೆ ಬಶಿಗೆ ಚಹಾ ಸುರಿದುಕೊಂಡು ಗಟ್ಟಿಯಾಗಿ ಸೊರ್ರೆಂದು ಹೀರಿದರು. ಅತ್ತೆಯ ಕಣ್ಣು ಅರಳಿತು. ಒಳಗೆ ಹೋಗಿ ರೆಕಾರ್ಡರ್ ತಂದು ಅವರ ಗಡ್ಡದ ಕೆಳಗೇ ಹಿಡಿದಳು.

“ಬೀಗರ, ಇನ್ನೊಮ್ಮಿ ಹಂಗ ಸೊರ್ ಅನಸ್ರಿ. ಮೊದಲಿಂದರಾಗ ಬಶಿ ಸಪ್ಪಳ ಅಡ್ಡ ಬಂತು.”

ಅಪ್ಪ ನೆಲ ನೋಡುತ್ತ ಕೂತ. ಸಂಬಂಧ ಮುರಿಯಿತೆಂದೇ ನಾವೆಲ್ಲ ತಿಳಿದೆವು. ಆದರೆ ಆ ಮನುಷ್ಯನ ಚಹಾ ಕುಡಿಯುವ ಪ್ರತಿಭೆಯನ್ನು ಅವತ್ತಿನವರೆಗೆ ಯಾರೂ ಗುರುತಿಸಿರಲಿಲ್ಲವೋ ಏನೋ, ನಾಲ್ಕು ಕಪ್ ಕುಡಿದು ನಾಲ್ಕು ನಮೂನೆ ಕೊಟ್ಟರು. ಹುಡುಗಿಗೆ ಅಡುಗೆ ಬರುತ್ತದೆಯೇ ಎಂದು ಕೇಳುವುದೂ ಮರೆತುಹೋಯಿತು. ಮದುವೆಯಾಗಿ ಎಷ್ಟೋ ವರ್ಷವಾಗಿದೆ, ತನ್ನದು ರೇಡಿಯೋದಲ್ಲಿ ಯಾವಾಗ ಬರುತ್ತದೆ ಎಂದು ಅವರು ಇನ್ನೂ ಕೇಳುತ್ತಲೇ ಇದ್ದಾರೆ.

ನಡುವೆ ಕಡಲ ದಂಡೆಯ ಹೋಟೆಲೊಂದರಲ್ಲಿ ನುಡಿಸುವ ಅವಕಾಶವೂ ಬಂದಿತ್ತು. ಗಿರಾಕಿಗಳು ನೆಮ್ಮದಿಯಾಗಿ ಊಟ ಮಾಡುವಂಥದ್ದು ಬೇಕೆಂದು ಮ್ಯಾನೇಜರ್ ಹೇಳಿದ್ದರು. ಅತ್ತೆ ನುಡಿಸತೊಡಗಿದಾಗ ಎಲ್ಲರ ಕೈಯೂ ಬಾಯಿಯ ಹತ್ತಿರವೇ ನಿಂತಿತಂತೆ. ಇದಕ್ಕಿಂತ ದೊಡ್ಡ ಮೆಚ್ಚುಗೆ ಏನಿದೆ ಎಂದು ಅವಳ ವಾದ. ಮ್ಯಾನೇಜರಿಗೆ ಸಂಗೀತ ತಿಳಿಯುತ್ತಿರಲಿಲ್ಲ, ಮರುದಿನ ಬರಬೇಡ ಎಂದುಬಿಟ್ಟರು.

ಇನ್ನು ನನ್ನ ವಿಷಯಕ್ಕೆ ಬರಬೇಕು, ಬಾರದೆ ಗತಿಯಿಲ್ಲ. ನನ್ನದು ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಇಲ್ಲಿನ ನಮ್ಮ ಜನರ ರಾಜ್ಯೋತ್ಸವಕ್ಕೆ ಪ್ರತಿವರ್ಷ ಪುಕ್ಕಟೆಯಾಗಿ ಸೆಟ್ ಹಾಕುತ್ತಿದ್ದೆ. ಆ ಋಣಕ್ಕೆ ೨೦೦೫ರಲ್ಲಿ ಅತ್ತೆಗೆ ಒಂದು ಅವಕಾಶ ಕೊಟ್ಟರು, ಕೋಲಾಟಕ್ಕೂ ಬಹುಮಾನ ವಿತರಣೆಗೂ ನಡುವೆ. ಅವಳ ಕೃತಿ ಹನ್ನೊಂದು ನಿಮಿಷದ್ದು. ಅದಕ್ಕಾಗಿ ಎರಡು ವರ್ಷ ದುಡಿದಿದ್ದಳು, ಅವತ್ತಿಗಾಗಿ ಇಳಕಲ್ ಸೀರೆ ಉಟ್ಟಿದ್ದಳು.

“ಮನಿ ಮಾಲಕರು ಕೇಳಿ ಭಾಳ ಹೊಗಳಿದ್ರು. ಆದ್ರ ನಮ್ಮ ಮಂದಿ ಒಮ್ಮೆ ಪೂರಾ ಕೇಳಬೇಕು ತಮ್ಮಾ. ಅದೊಂದ ಆಸೆ ಐತಿ ನನಗ” ಎಂದಳು.

ಕೃತಿ ಶುರುವಾದದ್ದು ಒಂದು ಗುಂಯ್ ಸದ್ದಿನಿಂದ. ಅದು ಅವಳ ಕಾರ್ಖಾನೆಯ ಟ್ರಾನ್ಸ್‌ಫಾರ್ಮರಿನ ಸದ್ದು. ಆದರೆ ಸಭೆಯಲ್ಲಿ ಗುಂಯ್ ಎಂದರೆ ನಮ್ಮ ಜನರಿಗೆ ಒಂದೇ ಅರ್ಥ: ಮೈಕ್ ಕೆಟ್ಟಿದೆ. ಇನ್ನೂರು ಕುತ್ತಿಗೆಗಳು ಏಕಕಾಲಕ್ಕೆ ನನ್ನ ಕಡೆ ತಿರುಗಿದವು! ಅತ್ತೆ ಕಣ್ಣು ಮುಚ್ಚಿಕೊಂಡು ನುಡಿಸುತ್ತಿದ್ದಳು. ಗುಂಯ್ ಮೇಲೆ ಕರಕರ ಬಂತು, ಕರಕರದ ಮೇಲೆ ಕೀ ಎನ್ನುವುದು ಬಂತು. ಅಧ್ಯಕ್ಷರು ವೇದಿಕೆಯಿಂದಲೇ ಕೈಸನ್ನೆ ಮಾಡಿದರು. ಹಿಂದಿನ ಸಾಲಿನವರು ಇಂಥ ಡಬ್ಬಾ ಸೆಟ್ಟನ್ನು ಮದುವೆಗೂ ಕೊಡುತ್ತಾನೇನು ಎಂದು ನನಗೆ ಕೇಳುವಂತೆ ಮಾತಾಡಿಕೊಂಡರು. ಆಗ ಮದುವೆಯ ಸೀಸನ್ ಬೇರೆ. ನಾಲ್ಕನೆಯ ನಿಮಿಷಕ್ಕೆ ನನ್ನ ಕೈ ಹೋಗಿ ಮಿಕ್ಸರಿನ ಗುಂಡಿಯನ್ನು ಸೊನ್ನೆಗೆ ತಿರುಗಿಸಿತು.

ಸಭಾಂಗಣ ಸ್ತಬ್ಧವಾಯಿತು. ಮರುಕ್ಷಣ ಚಪ್ಪಾಳೆಯೋ ಚಪ್ಪಾಳೆ! ಮೈಕ್ ರಿಪೇರಿಯಾಯಿತಲ್ಲ! ನನ್ನ ಇಪ್ಪತ್ತು ವರ್ಷದ ಸೇವೆಯಲ್ಲಿ ಅಂಥ ಚಪ್ಪಾಳೆ ಮತ್ತೆ ಬಿದ್ದಿಲ್ಲ. ಬಹುಮಾನ ವಿತರಣೆ ಸಾಂಗವಾಗಿ ನೆರವೇರಿತು. ಫ್ಯೂಸ್ ಹೋಯಿತು ಎಂದು ಅತ್ತೆಗೆ ಹೇಳಿದೆ. ಹೋಗಲಿ ಬಿಡು ಎಂದು ವೈರುಗಳನ್ನು ಸುತ್ತಿಕೊಂಡಳು. ಮರುದಿನ ಎಂದಿನಂತೆ ಬಸ್ಸು ಹತ್ತಿ ಕೊರ್ಲಿಮ್‌ಗೆ ಹೋದಳು.

ಆರು ವರ್ಷದ ಬಳಿಕ ಮಡಗಾಂವಿನ ಪಿಯಾನೋ ಶಿಕ್ಷಕಿಯೊಬ್ಬರು ತಮ್ಮ ಮನೆಯ ದೊಡ್ಡ ಪಡಸಾಲೆಯಲ್ಲಿ ಅತ್ತೆಯ ಸಂಗೀತದ ಕಾರ್ಯಕ್ರಮ ಇಟ್ಟುಕೊಂಡರು. ಒಂದು ಭಾನುವಾರ ಸಂಜೆ, ಮೂವತ್ತು ಜನ. ನಮ್ಮವರೆಂದರೆ ಮಿಕ್ಸರಿನ ಹಿಂದೆ ಕೂತ ನಾನೊಬ್ಬನೇ. ಸೆಟ್ ಹಾಕಲು ಅತ್ತೆ ನನ್ನನ್ನೇ ಕರೆದಿದ್ದಳು.

ಅದೇ ಗುಂಯ್, ಅದೇ ಕರಕರ. ನಾಲ್ಕನೆಯ ನಿಮಿಷಕ್ಕೆ ಸದ್ದು ಥಟ್ಟನೆ ನಿಂತಿತು! ನಾನು ಏನನ್ನೂ ಮುಟ್ಟಿರಲಿಲ್ಲ, ದೇವರಾಣೆ. ವೈರು ಎಳೆದು ನೋಡಿದೆ, ಸ್ವಿಚ್ಚು ನೋಡಿದೆ, ಬೆವರಿದೆ. ಜನ ಕದಲದೆ ಕೂತಿದ್ದರು. ಆ ಮೌನದೊಳಗಿಂದ ಸಣ್ಣಗೆ ಬಸ್ಸಿನ ಸದ್ದು ಬಂತು. ಅದರೊಳಗೆ ದಣಿದ ಹೆಂಗಸರ ಮಾತು, ನಮ್ಮ ಮಾತು. ಅವರಲ್ಲೊಬ್ಬಳು ಬೀಸುಕಲ್ಲಿನ ಪದ ಎತ್ತಿದಳು. ಅತ್ತೆಯ ಪಿಯಾನೋ ಅವಳ ಬೆನ್ನಿಗೇ ಮೆಲ್ಲಗೆ ಹೊರಟಿತು. ಏಳು ನಿಮಿಷ ನಾನು ಉಸಿರಾಡಿದೆನೋ ಇಲ್ಲವೋ ನೆನಪಿಲ್ಲ.

ಎಲ್ಲರೂ ಹೋದ ಮೇಲೆ ಅತ್ತೆ ಹತ್ತಿರ ಬಂದಳು.

“ಅವತ್ತ ನೀ ಬಂದ್ ಮಾಡಿದ್ಯಲ್ಲ, ಆ ಜಾಗಾದಾಗ ಮೊದಲ ನಾ ಭಾಳ ಗದ್ದಲ ತುಂಬಿದ್ದೆ. ಸುಮ್ಮನಿರೂದ ಚಲೋ ಅನಿಸ್ತು. ಹಂಗ ಇಟ್ಟೆ.”

“ನಿನಗ ಗೊತ್ತಿತ್ತೇನು ಅತ್ತಿ?”

“ಫ್ಯೂಸ್ ಹೋದ್ರ ದೀಪಾನೂ ಹೋಗ್ತಾವು. ಬೆಸುಗಿ ಹಾಕಾಕಿಗೆ ಅಷ್ಟು ತಿಳಿಯೂದಿಲ್ಲೇನು?”

ಹಾಡಿದವಳು ಯಾರು ಎಂದು ಕೇಳಿದೆ. ಅವಳ ಪಾಳಿಯಲ್ಲೇ ಕೆಲಸ ಮಾಡುತ್ತಿದ್ದವಳಂತೆ. ತನ್ನ ದನಿ ಕೇಳಬೇಕೆಂದು ಅವತ್ತು ರಾಜ್ಯೋತ್ಸವಕ್ಕೂ ಬಂದು ಮೂರನೆಯ ಸಾಲಿನಲ್ಲಿ ಕೂತಿದ್ದಳಂತೆ. ಈಗಲಾದರೂ ಅವಳನ್ನು ಕರೆಸು, ಸೆಟ್ ನಾನು ಹಾಕುತ್ತೇನೆ ಎಂದೆ. ಅತ್ತೆ ನನ್ನ ಹೆಗಲ ಮೇಲೆ ಕೈ ಇಟ್ಟಳು.

“ಆಕಿ ಹ್ವಾದ ವರ್ಷ ತೀರಿಕೊಂಡ್ಳು ತಮ್ಮಾ.”

ನಾಲ್ಕು ಮದುವೆಯ ಬುಕಿಂಗಿಗೆ ಹೆದರಿ ಒಬ್ಬಳ ದನಿಯನ್ನು ಅವಳಿಗೇ ಕೇಳಿಸದೆ ಮಾಡಿದವನು ನಾನು. ಇನ್ನೊಮ್ಮೆ ನುಡಿಸು ಅತ್ತೆ ಎಂದೆ. ಅವಳು ಪಿಯಾನೋ ಕಡೆ ನಡೆದಳು. ನಾನು ಮಿಕ್ಸರ್ ಬಿಟ್ಟೆದ್ದು, ಖಾಲಿ ಕುರ್ಚಿಗಳ ನಡುವೆ ಮೂರನೆಯ ಸಾಲಿಗೆ ಹೋಗಿ ಕೂತೆ.