ಲೆಕ್ಕಕ್ಕಿಲ್ಲದ ಕೈ

ಭಾನುವಾರ ಬೆಳಿಗ್ಗೆ ಏಳುವಷ್ಟರಲ್ಲಿ ಕನ್ನಡಕದ ಅಂಗಡಿಯವನ ಬಲಗಂಕುಳಲ್ಲಿ ಊತ ಎದ್ದಿತ್ತು. ಗಾತ್ರವೇನೂ ಹೆಚ್ಚಲ್ಲ, ನೆಲ್ಲಿಕಾಯಿಯಷ್ಟು. ಆದರೆ ಕೈ ಕೆಳಗಿಳಿಸಿದರೆ ಪ್ರಾಣ ಹೋಗುವಂಥ ನೋವು, ಮೇಲೆತ್ತಿದರೆ ಹಾಯೆನಿಸುತ್ತಿತ್ತು. ಹಾಗಾಗಿ ಪುಣ್ಯಾತ್ಮ, ಉತ್ತರ ಗೊತ್ತಿರುವ ಶಾಲೆಯ ಹುಡುಗನ ಹಾಗೆ ಕೈಯೆತ್ತಿಕೊಂಡೇ ಓಡಾಡತೊಡಗಿದ.

ಬೇರೆ ದಿನವಾಗಿದ್ದರೆ ಹೇಗೋ ನಡೆಯುತ್ತಿತ್ತು. ಅವತ್ತು ಸಂಜೆ ಅವರ ಕಟ್ಟಡದ ವಾರ್ಷಿಕ ಸಭೆ, ಕೈಯೆತ್ತಿಸಿ ಹೊಸ ಕಾರ್ಯದರ್ಶಿಯ ಆಯ್ಕೆ ಬೇರೆ. ಆ ಪದವಿಯೆಂದರೆ ಹರಕೆಯ ಕುರಿಯ ಪದವಿ. ನಲ್ಲಿ ಸೋರಿದರೂ ಅವನನ್ನೇ ಎಬ್ಬಿಸುತ್ತಾರೆ, ಲಿಫ್ಟ್ ನಿಂತರೂ ಅವನನ್ನೇ ಬೈಯುತ್ತಾರೆ. ಹಿಂದಿನ ಕಾರ್ಯದರ್ಶಿಯಂತೂ ಯಾರಿಗೂ ಹೇಳದೆ ಕೇಳದೆ ಮನೆಯನ್ನೇ ಬದಲಾಯಿಸಿಬಿಟ್ಟಿದ್ದ. ಕನ್ನಡಕದವನು ಇಷ್ಟು ವರ್ಷ ಹಿಂದಿನ ಸಾಲಲ್ಲಿ ಕೂತು, ಎರಡೂ ಕೈಗಳನ್ನು ತೊಡೆಯಡಿ ಬಚ್ಚಿಟ್ಟು ಪಾರಾಗಿದ್ದ. ವಾರವಿಡೀ ಊರವರ ಕಣ್ಣು ನೋಡುವವನಿಗೆ ಭಾನುವಾರ ತನ್ನ ಕಣ್ಣು ಮುಚ್ಚಿ ಮಲಗುವುದೊಂದೇ ಸುಖ. ಅದೂ ಹೋದರೆ ಇದ್ದೂ ಸತ್ತ ಹಾಗೆ.

"ಸಂಜೆಯೊಳಗೆ ಇದು ಇಳೀಲೇಬೇಕು ಕಣೇ," ಎಂದು ಹೆಂಡತಿಯ ಮುಂದೆ ಗೋಳಾಡಿದ.

"ಮೊದ್ಲು ಕೆಳಗೆ ಹೋಗಿ ಹಾಲು ತನ್ನಿ. ಊತಕ್ಕೂ ಹಾಲಿಗೂ ಏನು ಸಂಬಂಧ?" ಎಂದಳು ಅವಳು.

ಹಾಲಿಗೆ ಹೋದದ್ದೇ ತಪ್ಪಾಯಿತು. ಮೆಟ್ಟಿಲಲ್ಲಿ ಸಿಕ್ಕ ದರ್ಜಿ ಅಂಗಿಯ ತೋಳೆಳೆದು ನೋಡಿ, ಬೇರೆಯವರ ಹತ್ತಿರ ಹೊಲಿಸಿದರೆ ಇನ್ನೇನಾದೀತು ಎಂದ. ಬೇಕರಿಯವನು ಕೇಳದೆಯೇ ಕಂಕುಳಿಗೆ ಮಂಜುಗಡ್ಡೆ ಸಿಕ್ಕಿಸಿದ. ಮೇಲ್ಮನೆಯ ದೊಡ್ಡಮ್ಮ ಸುಟ್ಟ ಈರುಳ್ಳಿ ತಂದು ಬಟ್ಟೆಯಲ್ಲಿ ಕಟ್ಟಿದರು. ಮಂಜುಗಡ್ಡೆ ಕರಗಿ ಸೊಂಟಕ್ಕಿಳಿಯಿತು, ಈರುಳ್ಳಿ ಅಂಗಿಯೊಳಗೆಲ್ಲೋ ನಾಪತ್ತೆಯಾಯಿತು. ರಸ್ತೆಬದಿಯಲ್ಲಿ ಇವನ ಎತ್ತಿದ ಕೈ ಕಂಡು ಬಸ್ಸೊಂದು ನಿಂತಿತು. ಹತ್ತುವುದಿಲ್ಲ ಎಂದದ್ದಕ್ಕೆ ಡ್ರೈವರ್ ಬಾಯಿಗೆ ಬಂದಂತೆ ಬೈದ.

ಕೊನೆಗೆ ನೆಲಮಹಡಿಯ ನರ್ಸಕ್ಕನೇ ಗತಿಯಾದಳು. ಅವಳು ಒಂದೇ ನೋಟಕ್ಕೆ ಕೇಳಿದಳು: "ಹಳೇ ಬ್ಲೇಡಲ್ಲಿ ಬೋಳಿಸಿ, ಮೇಲೆ ಸೆಂಟು ಹೊಡೆದ್ರಾ?"

ಅವನು ತಲೆ ತಗ್ಗಿಸಿದ. ಕೂದಲಿನ ಬುಡಕ್ಕೆ ಗಾಯವಾಗಿ ಕೀವು ಕಟ್ಟುತ್ತಿದೆ, ಅಷ್ಟೇ ಎಂದಳು ನರ್ಸಕ್ಕ. ದಿನಕ್ಕೆ ಮೂರ್ನಾಲ್ಕು ಸಲ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಟ್ಟು ಶಾಖ ಕೊಡಬೇಕು, ಸಡಿಲವಾದ ಹತ್ತಿ ಅಂಗಿ ತೊಡಬೇಕು, ಬ್ಲೇಡು ಸೆಂಟು ಎರಡೂ ಬಂದ್, ಕೈಯಲ್ಲಿ ಹಿಸುಕಲೇಬಾರದು. ಜ್ವರ ಬಂದರೆ, ಕೆಂಪು ಹರಡಿದರೆ, ಇಲ್ಲವೇ ಗಂಟು ಗಟ್ಟಿಯಾಗಿ ಹಾಗೇ ಉಳಿದರೆ ಮಾತ್ರ ತಡಮಾಡದೆ ಡಾಕ್ಟರ ಹತ್ತಿರ ಓಡಬೇಕು. ಸಂಜೆಗೇ ಇಳಿಯುತ್ತದೆಯೇ ಎಂದು ಕೇಳಿದ್ದಕ್ಕೆ ನಕ್ಕುಬಿಟ್ಟಳು. ಇರುವ ವಿಷಯವನ್ನು ಸಭೆಗೆ ಮೊದಲೇ ಹೇಳಿಬಿಡಿ, ಬೇಕಿದ್ದರೆ ಸಾಕ್ಷಿಗೆ ನಾನಿದ್ದೇನೆ ಎಂದಳು. ಇಷ್ಟು ಸುಲಭದ ಉಪಾಯ ತನಗೆ ಹೊಳೆಯಲಿಲ್ಲವಲ್ಲ ಎನಿಸಿದರೂ ಅವನಿಗೆ ಕುಣಿಯುವಷ್ಟು ಸಂತೋಷವಾಯಿತು.

ಸಭೆಯ ಅಧ್ಯಕ್ಷರು ನಿವೃತ್ತ ಮೇಷ್ಟ್ರು. ಒಮ್ಮೆ ಎಲ್ಲರೂ ಒಟ್ಟಿಗೆ ಕಿರುಚಾಡಿ ಸಭೆ ಸಂತೆಯಾದ ಮೇಲೆ ಅವರೊಂದು ನಿಯಮ ಮಾಡಿದ್ದರು: ಬಾಯಿಮಾತು ನಡೆಯದು, ಎತ್ತಿದ ಕೈಯಷ್ಟೇ ಲೆಕ್ಕ, ಅದೂ ಮನೆಗೊಂದೇ ಕೈ.

ಕನ್ನಡಕದವನು ಎದ್ದು ಊತದ ಕತೆ ಹೇಳಿದ. "ಅದಕ್ಕೇ ಕೇಳ್ಕೊಳ್ತೀನಿ, ಇವತ್ತು ನನ್ನ ಕೈಯನ್ನ ಲೆಕ್ಕಕ್ಕೆ ಹಿಡೀಬೇಡಿ." ನರ್ಸಕ್ಕ ಹೌದೆಂದಳು. ಮೇಷ್ಟ್ರು ಸಭೆಯನ್ನು ಕೇಳಿದರು, ಎಲ್ಲರೂ ಕೈಯೆತ್ತಿ ಒಪ್ಪಿದರು. ಗೆದ್ದೆ ಎಂದು ಬೀಗುತ್ತ ಅವನು ಜನ್ಮದಲ್ಲೇ ಮೊದಲ ಸಲ ಮುಂದಿನ ಸಾಲಲ್ಲಿ ಕೂತ.

ಕಾರ್ಯದರ್ಶಿಯಾಗಲು ಯಾರು ಸಿದ್ಧ ಎಂದು ಮೇಷ್ಟ್ರು ಕೇಳಿದಾಗ ಇಡೀ ಸಭೆಯಲ್ಲಿ ಮೇಲಿದ್ದದ್ದು ಅವನ ಕೈಯೊಂದೇ. ಯಾರೂ ಅದನ್ನು ಎಣಿಸಲಿಲ್ಲ. ಅವನು ಆರಾಮಾಗಿ ಕಾಲಮೇಲೆ ಕಾಲು ಹಾಕಿಕೊಂಡ.

ಆಗ ದರ್ಜಿ ಎದ್ದು ಕೆಮ್ಮಿದ. "ಇಷ್ಟು ನೋವಲ್ಲೂ ನಿಯಮ ಬಿಡದ ಮನುಷ್ಯ. ಇವ್ರಿಗಿಂತ ಯೋಗ್ಯರು ಬೇಕಾ? ಇವ್ರೇ ಆಗ್ಲಿ."

"ವಿರೋಧ ಇರೋರು ಕೈ ಎತ್ತಿ," ಎಂದರು ಮೇಷ್ಟ್ರು.

ಕನ್ನಡಕದವನು ದಡಕ್ಕನೆ ಎದ್ದ. ಎತ್ತಿದ್ದ ಕೈಯನ್ನೇ ಇನ್ನಷ್ಟು ಎತ್ತಿ, ತುದಿಗಾಲಲ್ಲಿ ನಿಂತು ಸೂರಿನತ್ತ ಚಾಚಿದ. "ಮೇಷ್ಟ್ರೇ, ನಂದೇ ವಿರೋಧ ಇದೆ."

"ಆ ಕೈ ಲೆಕ್ಕಕ್ಕಿಲ್ಲ ಅಂತ ನೀವೇ ಕೇಳ್ಕೊಂಡ್ರಲ್ಲಪ್ಪಾ."

ಅವನು ಗಡಬಡಿಸಿ ಎಡಗೈಯನ್ನೂ ಎತ್ತಿದ.

"ಮನೆಗೊಂದೇ ಕೈ. ನಿಮ್ಮನೇದು ಆಗ್ಲೇ ರದ್ದಾಗಿದೆ," ಎಂದು ಮೇಷ್ಟ್ರು ಸುತ್ತ ನೋಡಿದರು. ಬೇರೆ ಒಂದು ಕೈಯೂ ಮೇಲಿರಲಿಲ್ಲ. ಅವನ ಹೆಂಡತಿ ಸೆರಗು ಬಾಯಿಗಿಟ್ಟು ನಗುವುದರಲ್ಲೇ ಮುಳುಗಿದ್ದಳು. ಚಪ್ಪಾಳೆಯ ನಡುವೆ ಮೇಷ್ಟ್ರು ಪಂಪು, ಲಿಫ್ಟು, ಗೇಟುಗಳ ಚಾವಿಗಳೆಲ್ಲ ಇದ್ದ ಕಬ್ಬಿಣದ ಬಳೆಯನ್ನು ತಂದು ಆ ಬಲಗೈಗೇ ತೊಡಿಸಿದರು. ಬೆಳಗಿನಿಂದ ಯಾರು ಏನು ಮಾಡಿದರೂ ಇಳಿಯದ ಕೈ ಅದರ ಭಾರಕ್ಕೆ ಒಂದೇ ಸಲಕ್ಕೆ ಕೆಳಗಿಳಿಯಿತು.